ಬೀಳುವ ಅಜ್ಜನ ಮಗ್ಗಿ

ಗಣಪಯ್ಯ: ಲೋಕದಲ್ಲಿ ಬೀಳ್ಲಿಕ್ಕೆ ಬೇರೆ ಯಾರೂ ಸಿಗ್ಲಿಲ್ವಾ ನಿನಗೆ? ಹೆತ್ತ ಅಪ್ಪನೇ ಆಗ್ಬೇಕಿತ್ತಾ?

ಸುಧೀರ್: ಅದು ನೀವಲ್ಲ ಅಪ್ಪ. ಬರೀ ಚಿತ್ರ.

ಗಣಪಯ್ಯ: ಚಿತ್ರಕ್ಕೆ ನನ್ನ ಮೀಸೆ ಉಂಟು, ನನ್ನ ಹೊಟ್ಟೆ ಉಂಟು, ಹೆಗಲ ಮೇಲೆ ನನ್ನದೇ ಕೆಂಪು ಬೈರಾಸು ಉಂಟು! ತರಕಾರಿಗೆ ಹೋದ್ರೆ ಶಾಲೆ ಮಕ್ಕಳು ‘ಇಡ್ಲಿ ದಾದು, ಆಬಾರ್ ಪೊಡೋ’ ಅಂತ ಕೂಗ್ತಾರೆ. ಇನ್ನೊಮ್ಮೆ ಬೀಳ್ಬೇಕಂತೆ ನಾನು!

ಬಂಗಾಳಿ ಪೇಟೆ ಗರಿಯಾಹಾಟಿನ ಉಡುಪಿ ಹೋಟೆಲು ಮಧ್ಯಾಹ್ನದ ಊಟ ಮುಗಿಸಿ ಆಕಳಿಸುತ್ತಿತ್ತು. ಮಾಲೀಕ ಗಣಪಯ್ಯನವರಿಗೆ ಮಾತ್ರ ನಿದ್ದೆ ಹಾರಿಹೋಗಿತ್ತು. ಮಗ ಸುಧೀರ ನ್ಯೂ ಟೌನಿನ ಕಂಪನಿಯೊಂದಕ್ಕೆ, ಮಕ್ಕಳಿಗೆ ಚಿತ್ರದಲ್ಲೇ ಗುಣಾಕಾರ ಕಲಿಸುವ ಆಪ್ ಮಾಡಿದ್ದ. ಒಂದು ಶಾಲೆಯಲ್ಲಿ ಅದರ ಪ್ರಯೋಗವೂ ನಡೆದಿತ್ತು. ಇವತ್ತು ತೀರ್ಪು. ಆಪ್ ಪಾಸಾದರೆ ಕೆಲಸ ಉಳಿಯಿತು, ಇಲ್ಲವಾದರೆ ಹೋಯಿತು.

ಸುಧೀರ್: ಮೂರು ತಟ್ಟೆ, ಒಂದೊಂದರಲ್ಲಿ ನಾಲ್ಕು ಇಡ್ಲಿ. ಒಟ್ಟು ಎಷ್ಟು? ಮಗು ಸರಿ ಹೇಳಿದ್ರೆ ಅಜ್ಜ ಬಡಿಸ್ತಾನೆ. ತಪ್ಪು ಹೇಳಿದ್ರೆ...

ಗಣಪಯ್ಯ: ಜಾರಿ ಬೀಳ್ತಾನೆ! ಮಗುವಿನ ತಪ್ಪಿಗೆ ಮುದುಕನ ಸೊಂಟ ಮುರೀಬೇಕಾ? ಅಲ್ಲ ಮಾರಾಯ, ತಟ್ಟೆಗೆ ನಾಲ್ಕು ಇಡ್ಲಿ ಯಾವ ಹೋಟೆಲಿನಲ್ಲಿ ಉಂಟು? ಎರಡು ಇಡ್ಲಿ, ಒಂದು ವಡೆ!

ಸುಧೀರ್: ಹಾಗೆ ಬಡಿಸಿದ್ರೆ ಮಗ್ಗಿ ಎರಡರಿಂದ ಮೇಲೆ ಹೋಗೋದೇ ಇಲ್ಲ ಅಪ್ಪ!

ಮೂಲೆಯ ಮೇಜಿನಿಂದ ‘ಧಡಾರ್’ ಎಂಬ ಸದ್ದು ಬಂತು. ಸುಧೀರನ ಮಗಳು ಶ್ರೇಯಾ ಟ್ಯಾಬ್ ಹಿಡಿದು ಕುಳಿತು ಕಿಲಕಿಲ ನಗುತ್ತಿದ್ದಳು.

ಸುಧೀರ್: ಶ್ರೇಯಾ, ಮೂರು ನಾಲ್ಕಲಿ ಎಷ್ಟು?

ಶ್ರೇಯಾ: ಟ್ವೆಲ್ವ್.

ಸುಧೀರ್: ಮತ್ತೆ ನಲವತ್ತು ಯಾಕೆ ಒತ್ತಿದ್ದು?

ಶ್ರೇಯಾ: ಟ್ವೆಲ್ವ್ ಒತ್ತಿದ್ರೆ ಅಜ್ಜ ಬೀಳೋದೇ ಇಲ್ಲ ಪಪ್ಪಾ! ಕ್ಲಾಸಲ್ಲಿ ಸಬ್ ಲೋಗ್ ರಾಂಗೇ ಒತ್ತೋದು.

ಸುಧೀರ ಕುರ್ಚಿಯಿಂದ ಎದ್ದೇಬಿಟ್ಟ. ಇಡೀ ಶಾಲೆ ತಪ್ಪೇ ಒತ್ತಿದ್ದರೆ ಗತಿಯೇನು? ಅಷ್ಟರಲ್ಲಿ ಮೇಲಧಿಕಾರಿ ದೇವೇಂದ್ರನ ಫೋನು ಬಂತು. ಸುಧೀರ ‘ಯೆಸ್ ಸರ್’ ಅನ್ನುತ್ತಾ ಹೊರಗೆ ಹೋದವನು, ಬಾಯಿ ತೆರೆದುಕೊಂಡೇ ಒಳಗೆ ಬಂದ.

ಗಣಪಯ್ಯ: (ದನಿ ತಗ್ಗಿಸಿ) ತೆಗೆದ್ರಾ ಮಗಾ?

ಸುಧೀರ್: ಪ್ರಮೋಷನ್ ಕೊಟ್ರು.

ಗಣಪಯ್ಯ: ಒಬ್ಬನೂ ಸರಿ ಉತ್ತರ ಒತ್ತಲಿಲ್ಲ ಅಂತ ಗೊತ್ತುಂಟಾ ಅವನಿಗೆ?

ಸುಧೀರ್: ಗೊತ್ತುಂಟು. ಉತ್ತರ ಹಾಳಾಗ್ಲಿ, ಮಕ್ಕಳು ಆಪ್ ಬಿಟ್ಟು ಏಳ್ತಾ ಇಲ್ಲ ಅಂತ ಕುಣೀತಿದ್ದಾರೆ. ಇನ್ನು ಮೇಲೆ ಅಜ್ಜನ ತಲೆ ಮೇಲೆ ಸಾಂಬಾರೂ ಬೀಳ್ಬೇಕಂತೆ.

ಗಣಪಯ್ಯ: ಮತ್ತೆ ಮಗ್ಗಿ ಕಲಿಯೋದು ಯಾವಾಗ?

ಸುಧೀರ್: ಕಲಿತ್ರೆ ಆಪ್ ಬಿಟ್ಟು ಹೋಗ್ತಾರಲ್ಲ ಅಪ್ಪ!

ಗಣಪಯ್ಯ: ಥೂ ನಿಮ್ಮ! ಉಂಡವನ ಹಸಿವು ಹೋಗಬಾರದು ಅಂತ ನಾನು ಅಡುಗೆ ಮಾಡಿದ್ರೆ ಜನ ಹೋಟೆಲಿಗೆ ಕಲ್ಲು ಹೊಡೀತಿದ್ರು. ನಿಮ್ಮಲ್ಲಿ ಅದಕ್ಕೆ ಪ್ರಮೋಷನ್! ತಾ ಇಲ್ಲಿ, ಸರಿ ಉತ್ತರ ಒತ್ತೋದು ಹೇಗೆ ಅಂತ ತೋರಿಸ್ತೇನೆ.

ಒತ್ತಿದರು. ಪರದೆಯ ಅಜ್ಜ ತಟ್ಟೆಗಳನ್ನು ಮೇಜಿನ ಮೇಲಿಟ್ಟು, ಕೈಮುಗಿದು, ಸುಮ್ಮನೆ ನಿಂತ.

ಗಣಪಯ್ಯ: ಇಷ್ಟೇನಾ?

ಶ್ರೇಯಾ: ಬೋಲಾ ಥಾ ನಾ, ಅಜ್ಜ!

ಗಣಪಯ್ಯ ಆಚೀಚೆ ನೋಡಿದರು. ಮುಂದಿನ ಲೆಕ್ಕಕ್ಕೆ ಬೇರೆಯೇ ಒಂದು ಅಂಕಿ ಒತ್ತಿದರು. ಧಡಾರ್! ಇಡ್ಲಿಗಳು ದಿಕ್ಕಾಪಾಲಾಗಿ ಉರುಳಿದವು. ಗಣಪಯ್ಯನವರ ಹೊಟ್ಟೆ ಕುಲುಕತೊಡಗಿತು. ಮುಂದಿನ ಲೆಕ್ಕ ಬಂತು.

ಸುಧೀರ್: ಅಪ್ಪ, ಆರು ಏಳಲಿ ನಲವತ್ತೆ...

ಗಣಪಯ್ಯ: ಬಾಯಿ ಮುಚ್ಚು. ತಪ್ಪು ಯಾವುದು ಅಂತ ನನಗೆ ಗೊತ್ತುಂಟು!