ಹನ್ನೆರಡು ಗುಟ್ಟಿನ ಪದ, ಇಪ್ಪತ್ತು ಚೀಲ

ಯೋಗ್ಯರನ್ನು ಆರಿಸುವ ವಿದ್ಯೆಯಲ್ಲಿ ಇಡೀ ಗೋವಾದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆ ಸೋಮವಾರ ನಾನು ಘೋಷಿಸಿದೆ!

ಪರ್ವರಿಯ ಸಣ್ಣ ಕ್ರಿಪ್ಟೊ ಕಂಪನಿಯೊಂದರಲ್ಲಿ ನಾನು ಮೂರು ವರ್ಷದಿಂದ ತಾತ್ಕಾಲಿಕ ನೌಕರ. ಮಾಲೀಕ ರಾಹುಲ ಸರ್ ಟೋಕನ್ ಎಂಬ ಹೊಸ ಡಿಜಿಟಲ್ ನಾಣ್ಯ ಹುಟ್ಟಿಸಿ, ಪ್ರಚಾರಕ್ಕೆಂದು ಪುಕ್ಕಟೆ ಹಂಚಿದ್ದರು. ತಗೊಂಡವರೆಲ್ಲ ಅಂದೇ ಮಾರಿ ನಾಪತ್ತೆ!

"ಸೋಮನಾಥ, ಮಾರದೆ ಇಟ್ಟುಕೊಳ್ಳುವ ಇಪ್ಪತ್ತು ಜನರನ್ನು ಹುಡುಕು. ಟೋಕನ್ ಒಂದು ತಿಂಗಳು ಅವರ ಹತ್ತಿರವೇ ಉಳಿದರೆ ನಿನ್ನ ನೌಕರಿ ಕಾಯಂ" ಎಂದರು.

ಕಾಯಂ! ಆ ಮಾತು ಕೇಳಿ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಸುಮಲತಾ ಕಲಂಗೂಟ್ ಕಡಲ ದಂಡೆಯಲ್ಲಿ ಕಸೂತಿ ಚೀಲ ಮಾರುತ್ತಾಳೆ. ಅವಳ ಜೊತೆಗೆ ನಮ್ಮ ತಾಂಡಾದ ಹತ್ತೊಂಬತ್ತು ಹೆಂಗಸರು.

"ಟೋಕನ್ ನಿಮ್ಮ ಗುಂಪಿಗೇ!" ಎಂದೆ.

"ಅದು ನಮಗ ಬೇಕೋ ಬ್ಯಾಡೋ ಕೇಳೀರೇನ್ರಿ?"

"ಪುಕ್ಕಟೆ ಕೊಡೂದಕ್ಕ ಕೇಳೂದೇನ ಐತಿ!"

ಇಪ್ಪತ್ತು ಖಾತೆ ತೆರೆದೆ. ಪ್ರತಿ ಖಾತೆಗೂ ಹನ್ನೆರಡು ಇಂಗ್ಲಿಷ್ ಪದಗಳ ಕೀಲಿ; ಆ ಪದ ಗೊತ್ತಿದ್ದವನೇ ಖಾತೆಯ ಒಡೆಯ. ಅವನ್ನು ಕಾಗದದ ಮೇಲೆ ಬರೆದುಕೊಟ್ಟೆ. ಎಲ್ಲರನ್ನೂ ಮರಳ ಮೇಲೆ ಕೂರಿಸಿ ಮಹಾ ಉಪನ್ಯಾಸ ಕೊಟ್ಟೆ. "ಕಾಗದ ಹರೀತೈತಿ, ಫೋನು ಕಳೀತೈತಿ. ಗಟ್ಟಿ ಜಾಗಾದಾಗ ಇಡ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ!"

"ತಿಳೀತು ಬಿಡಪಾ" ಎಂದಳು ಗುಂಪಿನ ಹಿರಿಯಳು, ಸುಮಲತಾಳ ಸೋದರತ್ತೆ ಹೇಮಿಬಾಯಿ.

ಐದನೇ ದಿನ ರಾಹುಲ ಸರ್ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಇಪ್ಪತ್ತೂ ಖಾತೆ ಖಾಲಿ! ಎಲ್ಲ ಟೋಕನ್ ಯಾವನೋ ಒಬ್ಬನ ಖಾತೆಯಲ್ಲಿ!

"ಇವರೇನು ನೀನು ಆರಿಸಿದ ಯೋಗ್ಯರು? ಕಾಯಂ ಮಾತು ಮರೆತುಬಿಡು!"

ಸ್ಕೂಟರ್ ದಂಡೆಗೆ ಓಡಿಸಿದೆ. ಅಲ್ಲಿ ಸುಮಲತಾಳ ಮುಖ ಅರಳಿತ್ತು.

"ಹನ್ನೆರಡು ಪದ ಎಲ್ಲಿಟ್ಟೀರಿ?"

"ಚೀಲದ ಮ್ಯಾಲ" ಎಂದಳು ಹೇಮಿಬಾಯಿ. "ಕಾಗದದಾಗಿನ ಅಕ್ಷರ ನೋಡಿ ನೋಡಿ ಬಣ್ಣದ ದಾರದಾಗ ಹೊಲದೀವಿ. ನಾವು ಹಾಕಿದ ಹೊಲಿಗಿ ಬಿಚ್ಚಂಗಿಲ್ಲ. ಬಾಯಿನೂ ಬಿಟ್ಟಿಲ್ಲಪಾ!"

"ಚೀಲ ಎಲ್ಲಿ?"

"ಮಾರಿದ್ವಿ!" ಎಂದಳು ಸುಮಲತಾ. "ನಿನ್ನೆ ಮುಂಜಾನಿ ಒಬ್ಬ ಫಾರಿನ್ನಾವ ಬಂದ. ಚೀಲ ಓದಿ ಕಣ್ಣು ಇಷ್ಟಗಲ ಮಾಡಿದ. ಚೌಕಾಸಿ ಇಲ್ಲ, ಏನಿಲ್ಲ, ಇಪ್ಪತ್ತೂ ತಗೊಂಡ!"

"ಅಯ್ಯೋ ಸುಮಾ! ಕೊಡಂಗಿಲ್ಲ ಅನ್ನಬೇಕಿಲ್ಲೇನ?"

"ಬೋಣಿ ಗಿರಾಕಿ ರೀ! ದಿನದ ಮೊದಲ ಗಿರಾಕಿಗೆ ಇಲ್ಲ ಅಂತಾರೇನ? ಆ ದಿನದ ವ್ಯಾಪಾರ ಏನಾಗಬೇಕು?"

ನಾನು ಮರಳ ಮೇಲೆ ಕುಸಿದೆ. ನನ್ನ ಕಾಯಂ ನೌಕರಿ ಚೀಲವೇರಿ ಹೋಗಿತ್ತು. ಅಳು ಬಂತು, ನಾಚಿಕೆಯೂ ಬಂತು.

ಸುಮಲತಾ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು.

"ಅಳಬ್ಯಾಡ್ರಿ. ನಿಮ್ಮ ಟೋಕನ್ನಿಗೆ ಖರೇ ಗಿರಾಕಿ ಅಂದ್ರ ಅಂವನ ನೋಡ್ರಿ. ಮತ್ತ ಇಪ್ಪತ್ತು ಚೀಲ ಹೇಳಿ ಹೋಗ್ಯಾನ, ಪದ ಮಾತ್ರ ಬ್ಯಾರೆ ಇರಬೇಕಂತ. ನಿಮ್ಮ ಸಾಹೇಬ್ರನ್ನ ಕೇಳಿ ಹೊಸಾ ಪದ ಲಗೂನ ತಂದು ಕೊಡ್ರಿ!"