ಮಗಳ ಪ್ರೇಮ ಕಾದಂಬರಿಗಳನ್ನು ಪಾಸು ಮಾಡಿದ್ದು

ಗಂಡಸಾದವನು ಒಂದು ವಯಸ್ಸಿನ ಮೇಲೆ ಏನೇನು ಓದಬಹುದು ಎಂಬ ಬಗ್ಗೆ ನಮ್ಮಲ್ಲಿ ಬರೆದಿಡದ ಕಾನೂನೊಂದಿದೆ. ಬೆಳಿಗ್ಗೆ ಪೇಪರು, ತಿಂಗಳಿಗೊಮ್ಮೆ ಕರೆಂಟು ಬಿಲ್ಲು, ರಿಟೈರಾಗುವ ಹೊತ್ತಿಗೆ ಯಾವುದಾದರೂ ಅಧ್ಯಾತ್ಮದ ಪುಸ್ತಕ. ಇವುಗಳ ನಡುವೆ ಬೇರೇನಾದರೂ ಕೈಯಲ್ಲಿ ಕಂಡರೆ ಜನ ಒಂಥರಾ ನೋಡುತ್ತಾರೆ. ನಾನಾದರೋ ಈಚೆಗೆ ಹದಿನಾರರ ಹುಡುಗಿಯರು ಓದುವ ಇಂಗ್ಲಿಷ್ ಪ್ರೇಮ ಕಾದಂಬರಿಗಳನ್ನು ಓದುತ್ತಿದ್ದೇನೆ. ಕದ್ದುಮುಚ್ಚಿ ಅಲ್ಲ, ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ, ಗುಲಾಬಿ ಬಣ್ಣದ ರಕ್ಷಾಪುಟ ಇಡೀ ಬೋಗಿಗೆ ಕಾಣುವ ಹಾಗೆ ಎತ್ತಿ ಹಿಡಿದು ಓದುತ್ತೇನೆ. ಇದನ್ನು ಹೇಳುವಾಗ ನನಗೆ ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ, ಹೆಮ್ಮೆಯಾಗುತ್ತಿದೆ. ನನ್ನ ಹೆಂಡತಿಯ ತಕರಾರೂ ಅದೇ.

ಶುರುವಾದದ್ದು ಹೀಗೆ. ನಮ್ಮ ಒಬ್ಬಳೇ ಮಗಳು ಸಿಂಚನಾ ಹತ್ತನೇ ಕ್ಲಾಸು ಮುಗಿಸುವವರೆಗೂ ಬಾಯಿ ಮುಚ್ಚಿ ಕೂತವಳಲ್ಲ. ನಾನು ಕೆಲಸದಿಂದ ಬಂದು ಶೂ ಬಿಚ್ಚುವಷ್ಟರಲ್ಲಿ ಅವಳ ಸ್ಕೂಲಿನ ಸಮಸ್ತ ವರದಿ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಯಾವ ಮಿಸ್ಸು ಯಾರಿಗೆ ಬೈದರು, ಯಾರ ಟಿಫನ್ ಬಾಕ್ಸು ಯಾರು ಖಾಲಿ ಮಾಡಿದರು, ಎಲ್ಲ. "ಸ್ವಲ್ಪ ಉಸಿರು ತಗೊಳ್ಳೇ ತಾಯಿ" ಎನ್ನುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಅದೇನಾಯಿತೋ, ಉಸಿರು ತೆಗೆದುಕೊಂಡವಳು ಮತ್ತೆ ಬಾಯಿ ಬಿಡಲೇ ಇಲ್ಲ. ಊಟ ಆಯ್ತಾ ಎಂದರೆ "ಹ್ಞೂಂ", ಏನು ಮಾಡ್ತಿದ್ದೀಯ ಎಂದರೆ "ಓದ್ತಿದ್ದೀನಿ". ಕೈಯಲ್ಲಿ ಯಾವಾಗಲೂ ಕಂಟೋನ್ಮೆಂಟ್ ಕಡೆಯ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದ ಒಂದು ಪುಸ್ತಕ. ಆ ವಟವಟ ನಿಂತ ಮೇಲೆ ಮನೆ ಬಿಕೋ ಎನ್ನತೊಡಗಿತು. ನನಗೆ ನಿಜವಾಗಿಯೂ ಸಂಕಟವಾಯಿತು. ಅವಳು ಮತ್ತೆ ನನ್ನ ಹತ್ತಿರ ಮಾತಾಡಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಹೆಂಡತಿ ನಾಗರತ್ನ ಕಾರಣ ಪತ್ತೆ ಹಚ್ಚಿಬಿಟ್ಟಳು. "ಎಲ್ಲಾ ಆ ಪುಸ್ತಕಗಳದ್ದೇ ಕಾರುಬಾರು ರೀ. ಕವರ್ ಮೇಲೇ ಹುಡುಗ ಹುಡುಗಿ ಅಂಟ್ಕೊಂಡು ನಿಂತಿರ್ತಾರೆ, ಒಳಗಡೆ ಇನ್ನೇನಿದ್ಯೋ! ಎಲ್ಲಾ ತೂಕಕ್ಕೆ ಹಾಕ್ಬಿಡಿ" ಎಂದಳು. ಇಲ್ಲಿ ನನ್ನ ವೃತ್ತಿಧರ್ಮ ಅಡ್ಡ ಬಂತು. ನಾನು ಹೊಸ ತಿಪ್ಪಸಂದ್ರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಸೆಕ್ಷನ್ನಿನವನು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ರಿಜೆಕ್ಟು ಮಾಡುವುದು ನನ್ನ ಕೆಲಸ. ಅಳೆಯದೆ ರಿಜೆಕ್ಟು ಮಾಡುವುದು ನಮ್ಮಲ್ಲಿ ಮಹಾಪಾಪ. "ಮೊದ್ಲು ನಾನು ನೋಡ್ತೀನಿ, ಆಮೇಲೆ ತೂಕ" ಎಂದು ಹೇಳಿ, ಮಗಳ ರಾಶಿಯಿಂದ ಒಂದು ಸ್ಯಾಂಪಲ್ ಕೇಳಿದೆ. ಅವಳು ನನ್ನನ್ನೂ ಪುಸ್ತಕವನ್ನೂ ಸರದಿಯಂತೆ ನೋಡಿ, "ನೀನಾ? ಓದ್ಕೋ, ಪೇಜ್ ಮಾತ್ರ ಮಡಿಸ್ಬೇಡ" ಎಂದಳು. ಆ ವಾರ ಅವಳಾಡಿದ ಅತಿ ಉದ್ದದ ಮಾತು ಅದು.

ಮೊದಮೊದಲು ಕಷ್ಟವಾಯಿತು. ನಾನು ಕನ್ನಡ ಮೀಡಿಯಮ್ಮಿನವನು. ಇಂಗ್ಲಿಷಿನಲ್ಲಿ ಓದಿದ್ದೆಲ್ಲ ಯಂತ್ರಗಳ ಮ್ಯಾನ್ಯುಯಲ್ಲು. ಅವುಗಳಲ್ಲಿ ಯಾರೂ ಯಾರನ್ನೂ ಪ್ರೀತಿಸುವುದಿಲ್ಲ. ಇಲ್ಲಿ ನೋಡಿದರೆ ಒಬ್ಬ ಹುಡುಗಿ ಒಬ್ಬ ಹುಡುಗನಿಗೆ ಮೆಸೇಜು ಕಳಿಸಬೇಕೋ ಬೇಡವೋ ಎಂದು ಅಧ್ಯಾಯವಿಡೀ ಯೋಚಿಸುತ್ತಾಳೆ. ಕಳಿಸಿ ಸಾಯಮ್ಮ ಅತ್ಲಾಗೆ, ಎಂದು ನಾನು ಗೊಣಗಿದ್ದುಂಟು. ಬೇಸಿಗೆ ರಜೆ ಬಂದರೆ ಇವರೆಲ್ಲ ಕೆರೆದಂಡೆಯ ಮನೆಗೆ ಹೋಗುತ್ತಾರೆ, ಅಲ್ಲಿ ಪಕ್ಕದ ಮನೆಯಲ್ಲಿ ಕಡ್ಡಾಯವಾಗಿ ಒಬ್ಬ ಹುಡುಗ ಇರುತ್ತಾನೆ. ನಾನೂ ಕೆರೆದಂಡೆಯಲ್ಲೇ ಬೆಳೆದವನು. ಈಗ ನಾವು ಬಾಡಿಗೆಗೆ ಕೊಟ್ಟ ಮನೆಗಳಿರುವ ಜಾಗದಲ್ಲಿ ಆಗ ರಾಗಿ ಹೊಲವಿತ್ತು, ಅದರಾಚೆ ಕೆರೆ. ಆ ದಂಡೆಯಲ್ಲಿ ನನಗೆ ಸಿಕ್ಕಿದ್ದು ಪಕ್ಕದ ಮನೆಯ ಎಮ್ಮೆ, ಅದರ ಮೈ ತೊಳೆಯುವ ಕೆಲಸವೂ ನನ್ನದೇ. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಒಂದು ಪಾಸು ಮಾಡಿ ಇನ್ನೊಂದು ತೆಗೆದೆ. ಯಾಕೆಂದರೆ ಆ ಪ್ರೀತಿ ಗೀತಿಯ ನಡುವೆ ಯಾರೋ ಒಬ್ಬರು, ಅಜ್ಜಿಯೋ ಟೀಚರೋ ಅಪ್ಪನೋ, ಹುಡುಗಿಯನ್ನು ಕೂರಿಸಿಕೊಂಡು ನಿನಗೇನು ಬೇಕು ಎಂದು ಕೇಳುತ್ತಾರೆ. ನನ್ನ ಹದಿನಾರರಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಪ್ಪ ಐಟಿಐಗೆ ಸೇರಿಸಿದರು, ಸೇರಿದೆ. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ. ಆದರೂ ಆ ಮಾತು ಓದಿದ ದಿನ ಮೆಟ್ರೊ ಬೆನ್ನಿಗಾನಹಳ್ಳಿ ದಾಟುವಷ್ಟರಲ್ಲಿ ನನ್ನ ಕಣ್ಣು ತುಂಬಿ ಬಂದಿತ್ತು.

ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಬಗ್ಗಿ ನೋಡಿ, "ಅಂಕಲ್, ಈಗ್ಲೇ ಅಳ್ಬೇಡಿ, ಅಳೋದು ಇನ್ನೂ ಮುಂದೆ ಇದೆ" ಎಂದಳು.

"ಏನಾಗತ್ತಮ್ಮ? ಆ ಹುಡುಗ ವಾಪಸ್ ಬರ್ತಾನಾ?"

"ಹೇಳಲ್ಲ. ಆದ್ರೆ ಅವನನ್ನ ಜಾಸ್ತಿ ನಂಬೋಕೆ ಹೋಗ್ಬೇಡಿ."

ಇಂದಿರಾನಗರ ಬರುವವರೆಗೆ ನಾವಿಬ್ಬರೂ ಆ ಹುಡುಗನ ನಡತೆಯನ್ನು ಚರ್ಚಿಸಿದೆವು. ಇಳಿಯುವಾಗ ಅವಳು, "ನಮ್ಮಪ್ಪ ಇದನ್ನ ಮುಟ್ಟಿಯೂ ನೋಡಲ್ಲ ಅಂಕಲ್. ನಿಮ್ಮ ಮಗಳು ಲಕ್ಕಿ" ಎಂದಳು. ಆ ದಿನ ಕಾರ್ಖಾನೆಯವರೆಗೆ ನನ್ನ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ.

ಸೆಕ್ಷನ್ನಿನಲ್ಲಿ ಸುದ್ದಿ ಹಬ್ಬಿತು. ಶಿವಾಜಿನಗರದಿಂದ ಬರುವ ಅನ್ವರ್ ನನ್ನ ಹಳೆಯ ಗೆಳೆಯ, ಮೂರು ಹೆಣ್ಣುಮಕ್ಕಳ ಅಪ್ಪ. "ಏನ್ ಗುರು, ಈ ವಯಸ್ಸಲ್ಲಿ ಲವ್ ಸ್ಟೋರಿನಾ?" ಎಂದು ಎಲ್ಲರೆದುರು ರೇಗಿಸಿದವನು, ಟೀ ಮುಗಿಯುವಷ್ಟರಲ್ಲಿ ದನಿ ತಗ್ಗಿಸಿ, "ನಮ್ಮ ದೊಡ್ಡವಳೂ ಈಗ ಮಾತಾಡಲ್ಲ ಯಾರ್. ಆ ಬುಕ್ಕಲ್ಲಿ ಅದಕ್ಕೇನಾದ್ರೂ ಇದ್ಯಾ?" ಎಂದ. ಕೇಳಿದ್ದೇ ತಡ, ನಾನು ಪಂಡಿತನಾದೆ. "ನೋಡು ಅನ್ವರ್, ಹುಡುಗಿ ಮಾತು ನಿಲ್ಲಿಸಿದ್ಲು ಅಂದ್ರೆ ಹುಡುಗ ಒಬ್ಬ ಇದ್ದಾನೆ ಅಂತ್ಲೇ ಅರ್ಥ. ಯಾವ ಪುಸ್ತಕ ಬೇಕಾದ್ರೂ ತೆಗಿ, ಮೂರನೇ ಚಾಪ್ಟರಲ್ಲಿ ಬಂದೇ ಬರ್ತಾನೆ. ನಾವು ಕೂಗಾಡ್ಬಾರ್ದು ಅಷ್ಟೇ." ಅವನಿಗೆ ಹೇಳುತ್ತಾ ಹೇಳುತ್ತಾ ನನ್ನ ಎದೆಯೇ ಧಸಕ್ಕೆಂದಿತು. ಹಾಗಾದರೆ ಸಿಂಚನಾಳಿಗೂ ಒಬ್ಬ ಇದ್ದಾನೆ! ಆ ದಿನದಿಂದ ಮನಸ್ಸು ಹದ ಮಾಡಿಕೊಳ್ಳತೊಡಗಿದೆ. ಯಾವ ಜಾತಿಯವನಾದರೂ ಸರಿ, ಯಾವ ಭಾಷೆಯವನಾದರೂ ಸರಿ ಎಂದು ಬೇಗನೆ ಒಪ್ಪಿಕೊಂಡೆ. ಗಿಟಾರು ಬಾರಿಸುವವನಾದರೂ ಸರಿ ಎನ್ನಲು ಮಾತ್ರ ಬಹಳ ಕಷ್ಟಪಟ್ಟೆ.

ಈ ಪುಸ್ತಕಗಳ ಅಪ್ಪಂದಿರು ಮಗಳ ಹತ್ತಿರ ಮನಸ್ಸು ಬಿಚ್ಚುವುದು ಕಾರು ಓಡಿಸುವಾಗ. ಇಬ್ಬರ ಕಣ್ಣೂ ರಸ್ತೆಯ ಮೇಲಿರುವುದರಿಂದ ಮುಖ ನೋಡುವ ಮುಜುಗರವಿಲ್ಲ. ನಮ್ಮಲ್ಲಿರುವುದು ಸ್ಕೂಟರು. ಇಂದಿರಾನಗರದ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೇರಿಸಲು ಸಿಂಚನಾಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಸೈನ್ಸು, ಆಮೇಲೆ ಡಾಕ್ಟರು ಎಂದು ನಾನೂ ನಾಗರತ್ನಳೂ ಅವಳು ಅಂಬೆಗಾಲಿಡುವಾಗಲೇ ತೀರ್ಮಾನ ಮಾಡಿದ್ದೆವು. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಹತ್ತಿರ ಎಂದಿನಂತೆ ಟ್ರಾಫಿಕ್ಕು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಇದೇ ಸರಿಯಾದ ಜಾಗ ಎನಿಸಿ, ಹೆಲ್ಮೆಟ್ಟಿನೊಳಗಿಂದ, ಹಿಂದಿನ ಬಸ್ಸಿನ ಹಾರನ್ನನ್ನು ಮೀರಿಸಿ ಕೂಗಿದೆ. "ಸಿಂಚು, ಅವನು ಯಾರೇ ಆಗಿರ್ಲಿ, ನಿನಗೆ ಏನು ಬೇಕೋ ಹೇಳು! ನೀನೇನೇ ಹೇಳಿದ್ರೂ ನಾನು ನಿನ್ನ ಕಡೇನೇ!"

"ಯಾರು?" ಎಂದು ಅವಳೂ ಕೂಗಿದಳು.

"ಅದೇ, ಆ ಹುಡುಗ!"

"ಯಾವ ಹುಡುಗ?"

ಪಕ್ಕದ ಆಟೊದವನು ಇಂಜಿನ್ ಆಫ್ ಮಾಡಿ ನಮ್ಮ ಕಡೆ ತಿರುಗಿ ಕೂತ.

"ಹುಡುಗ ಗಿಡುಗ ಯಾರೂ ಇಲ್ಲಪ್ಪಾ!" ಎಂದವಳು ನನ್ನ ಭುಜ ಹಿಡಿದು ಮುಂದಕ್ಕೆ ಬಾಗಿ, "ನನಗೆ ಸೈನ್ಸ್ ಬೇಡ. ಆರ್ಟ್ಸ್ ತಗೊಂಡು ಹಿಸ್ಟರಿ ಓದ್ಬೇಕು. ನಿಮ್ಮಿಬ್ರಿಗೂ ಹೇಗೆ ಹೇಳೋದು ಅಂತ ಗೊತ್ತಾಗ್ದೆ ಸುಮ್ನೆ ಇದ್ಬಿಟ್ಟೆ" ಎಂದಳು.

"ಹುಡುಗ ಇಲ್ವಾ?" ಎಂದೆ. ನನ್ನ ದನಿಯಲ್ಲಿದ್ದ ನಿರಾಸೆ ಕೇಳಿ ಅವಳು ಕಿಸಕ್ಕನೆ ನಕ್ಕಳು.

"ಇದ್ದಿದ್ರೆ ಒಪ್ಕೋತಿದ್ಯಾ?"

"ರೆಡಿಯಾಗೇ ಬಂದಿದ್ದೆ ಕಣೆ. ಗಿಟಾರ್ ಬಾರಿಸೋನಾದ್ರೂ ಪರವಾಗಿಲ್ಲ ಅಂತ."

"ಅದಕ್ಕಿಂತ ಹಿಸ್ಟರಿ ವಾಸಿ ಅಲ್ವಾಪ್ಪಾ?"

"ವಾಸಿ ಸಾರ್," ಎಂದ ಆಟೊದವನು. "ಮಾತು ಬೇರೆ ಕೊಟ್ಬಿಟ್ಟಿದ್ದೀರ, ನಾನೂ ಕೇಳಿಸ್ಕೊಂಡಿದ್ದೀನಿ. ಗಾಡಿ ತೆಗೀರಿ, ಮುಂದೆ ಜಾಗ ಆಯ್ತು."

ಹಳೇ ಮದ್ರಾಸು ರಸ್ತೆಯುದ್ದಕ್ಕೂ ನನ್ನೊಳಗೆ ದೊಡ್ಡ ರಂಪ. ಬಿಳಿ ಕೋಟು, ಸ್ಟೆತಸ್ಕೋಪು, ಮನೆ ಮುಂದಿನ ಬೋರ್ಡು, ಒಂದೊಂದಾಗಿ ಕಣ್ಣೆದುರಿನಿಂದ ಮಾಯವಾದವು. ಇಷ್ಟೆಲ್ಲ ಓದಿದ್ದರೂ, ಬಯಾಲಜಿ ಬೇಡವೆಂದ ಮಗಳಿಗೆ ಅಪ್ಪ ಏನು ಹೇಳಬೇಕೆಂದು ಒಂದು ಪುಸ್ತಕದಲ್ಲೂ ಇರಲಿಲ್ಲ. ಆದರೆ ಹಿಂದೆ ಕೂತವಳು ಮಾತಾಡುತ್ತಿದ್ದಳು. ಹಲಸೂರಿನ ದೇವಸ್ಥಾನ ಯಾವ ಕಾಲದ್ದು, ದಂಡು ಪ್ರದೇಶಕ್ಕೆ ಯಾರ್ಯಾರು ಎಲ್ಲೆಲ್ಲಿಂದ ಬಂದು ನೆಲೆಸಿದರು, ನಮ್ಮೂರ ಕೆರೆ ಕಟ್ಟಿಸಿದವರು ಯಾರು, ಒಂದೇ ಸಮನೆ, ನನ್ನ ಕಿವಿಯ ಹತ್ತಿರ ಬಾಯಿಟ್ಟು. ಅದನ್ನು ಕೇಳುತ್ತಾ ಕೇಳುತ್ತಾ ಬಿಳಿ ಕೋಟು ಹೋದರೆ ಹೋಗಲಿ ಎನಿಸಿತು. ಕಾಲೇಜಿನ ಕೌಂಟರಿನಲ್ಲಿದ್ದವರು, "ಒಳ್ಳೇ ಮಾರ್ಕ್ಸ್ ಇದ್ಯಲ್ಲ ಸಾರ್, ಸೈನ್ಸೇ ಸಿಗತ್ತೆ" ಎಂದರು. "ಸಿಗತ್ತೆ, ಗೊತ್ತು. ನಮ್ಮ ಹುಡುಗಿಗೆ ಬೇಡ" ಎಂದೆ. ಜನ್ಮದಲ್ಲಿ ನಾನು ಅಷ್ಟು ಎದೆಯುಬ್ಬಿಸಿ ಯಾವ ಮಾತನ್ನೂ ಆಡಿಲ್ಲ. ಸಿಂಚನಾ ನನ್ನ ತೋಳು ಹಿಡಿದುಕೊಂಡಳು.

ಆ ಸಂಭ್ರಮದಲ್ಲಿ ಒಂದು ಸಂಗತಿ ಮರೆತೇ ಹೋಗಿತ್ತು. ಡಾಕ್ಟರ ಕನಸು ಕಂಡವರು ಇಬ್ಬರು, ಮಾತು ಕೊಟ್ಟವನು ನಾನೊಬ್ಬನೇ. ನಾಗರತ್ನ ಎಲ್ಲ ಕೇಳಿ, "ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ನಿಮಗೆ ಅನ್ನಿಸ್ಲಿಲ್ಲ ಅಲ್ವಾ?" ಎಂದಳು. ಅಂದಿನಿಂದ ನನ್ನ ಹತ್ತಿರ ಮಾತು ಬಂದ್. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲದ ಕಾರಣ ಜಗಳವಾಡುವುದಕ್ಕೂ ದಾರಿಯಿಲ್ಲ. ಮೊನ್ನೆ ತಡೆಯಲಾರದೆ ಮಗಳನ್ನು ಕೇಳಿದೆ, "ಹೆಂಡತಿ ಮಾತು ಬಿಟ್ರೆ ಏನು ಮಾಡ್ಬೇಕು ಅಂತ ಯಾವ್ದಾದ್ರೂ ಪುಸ್ತಕ ಇದ್ಯೇನೆ?" ಅವಳು ಗಂಭೀರವಾಗಿ ಕಪಾಟೆಲ್ಲ ಜಾಲಾಡಿ ಬಂದು, "ಇಲ್ಲಪ್ಪಾ. ನಿಮ್ಮ ವಯಸ್ಸಿನೋರ ಲವ್ ಸ್ಟೋರಿ ನನ್ನ ಹತ್ರ ಒಂದೂ ಇಲ್ಲ. ಅದನ್ನ ನೀನೇ ನೋಡ್ಕೋಬೇಕು" ಎಂದಳು. ನೋಡಿಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಬೆಳಗಿನ ಕಾಫಿ ನಾನೇ ಮಾಡುತ್ತೇನೆ, ನಾಗರತ್ನಳ ಲೋಟ ಅವಳ ಕೈಗೇ ಕೊಡುತ್ತೇನೆ. ಪೂರ್ತಿ ಕುಡಿಯುತ್ತಾಳೆ. ಚೆನ್ನಾಗಿದೆ ಎಂದು ಮಾತ್ರ ಇನ್ನೂ ಹೇಳಿಲ್ಲ.