ಮಾವ, ಮೂರು ಆಟೊ ಮತ್ತು ಹದಿನಾಲ್ಕು ಗುಡಿ

ಮಾವನ ಮನೆಗೆ ಹೋದ ಅಳಿಯ ತನ್ನ ಹಸಿವನ್ನು ಎಷ್ಟು ಬೇಕಾದರೂ ತೋರಿಸಬಹುದು, ಬುದ್ಧಿಯನ್ನು ಮಾತ್ರ ತೋರಿಸಬಾರದು. ಇದು ನಾನು ಮಾನ ಕೊಟ್ಟು ಕಲಿತ ಪಾಠ. ನಾನಿರುವುದು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ. ಗಾಡಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಡಬ್ಬಿ ತಯಾರಿಸುತ್ತೇವೆ. ಮುಂದಿನವನು ಬ್ರೇಕ್ ಮುಟ್ಟಿದೊಡನೆ ಹಿಂದಿನ ಗಾಡಿಗಳಲ್ಲಿ 'ಮುಂದಿನ ವಾಹನ ನಿಧಾನ' ಎಂದು ಡಬ್ಬಿ ಕೂಗುತ್ತದೆ. ಹಿಂದಿನವನು ದೂರ ಉಳಿದರೆ ಮುಂದಿನವನಿಗೂ ಹೇಳುತ್ತದೆ. ಹೀಗೆ ಗುಂಪು ಗುದ್ದಿಕೊಳ್ಳದೆ, ಚದುರದೆ ಸಾಗಬೇಕು. ಹಳ್ಳಿ ರಸ್ತೆಯಲ್ಲಿ ಓಡಿಸಿ ನೋಡಲು ಮೂರು ಡಬ್ಬಿ ಕೊಟ್ಟಿದ್ದರು. ನೆಟ್ಟಗೆ ಕೈಲಾಂಚದ ಮಾವನ ಮನೆಗೆ ಒಯ್ದೆ.

ಅವತ್ತು ರೇಷ್ಮೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಅತ್ತೆ ನಿದ್ದೆಗೆಟ್ಟು ಸೊಪ್ಪು ಹಾಕಿ ಸಾಕಿದ ಹುಳ. ಗೂಡು ಬಿಡಿಸುವುದು ಹೇಗೋ ತಡವಾಗಿತ್ತು. ಅಂದಿನ ಹರಾಜು ತಪ್ಪಿದರೆ ಮಾರನೆಯ ದಿನ ಚಿಟ್ಟೆ ಗೂಡು ಕೊರೆದುಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡನ್ನು ಯಾರು ಕೇಳುತ್ತಾರೆ? ಒತ್ತಿ ತುಂಬಿದರೆ ಕೆಡುತ್ತದೆಂದು ಮೂರು ಲಗೇಜ್ ಆಟೊ ಮಾಡಿದ್ದೆವು. ಒಂದೊಂದಕ್ಕೂ ಒಂದೊಂದು ಡಬ್ಬಿ ಸಿಕ್ಕಿಸಿ ನಾವೇ ಓಡಿಸಿಕೊಂಡು ಹೊರಟೆವು. ಮಾವ ಮುಂದೆ, ಬಾಮೈದ ನಾಗೇಶ ನಡುವೆ, ನಾನು ಕೊನೆಗೆ.

ನಮ್ಮ ಮಾವ ದೇವರೆಂದರೆ ಪ್ರಾಣ ಬಿಡುವವರು. ದಾರಿಯಲ್ಲಿ ಗುಡಿ ಕಂಡರೆ ಬ್ರೇಕ್ ಮುಟ್ಟಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಿಂದ ಎರಡೂ ಕೆನ್ನೆ ಮುಟ್ಟಿಕೊಳ್ಳುತ್ತಾರೆ. ನಮ್ಮ ಕಡೆ ಗುಡಿಗಳಿಗೇನು ಬರವೇ? ಬಸವಣ್ಣ, ಮಾರಮ್ಮ, ಅರಳಿಕಟ್ಟೆ, ಒಟ್ಟು ಹದಿನಾಲ್ಕು. ಒಂದೊಂದಕ್ಕೂ ಡಬ್ಬಿ ಕೂಗಿತು, ಮೂರೂ ಆಟೊ ಭಕ್ತಿಯಿಂದ ತಲೆಬಾಗಿದವು. ನಾಗೇಶನಿಗೆ ನಗು ತಡೆಯಲಾಗಲಿಲ್ಲ. ಐದನೆಯ ಗುಡಿಯ ಹತ್ತಿರ ನಾನೇ ಇಳಿದು ಹೋಗಿ, "ಮಾವ, ನಾನು ಮುಂದೆ ಹೋಗ್ಲಾ?" ಎಂದೆ.

"ಹೋಗಿ ಅಳಿಯಂದ್ರೇ, ನಾನು ಹಿಂದ್ಲಿಂದ ಬತ್ತೀನಿ. ಯಾರು ಮುಂದಾದ್ರೇನು, ಗೂಡು ಸೇರುದ್ರೆ ಸಾಕು" ಎಂದರು.

ಈಗ ಡಬ್ಬಿ ರಾಗ ಬದಲಿಸಿತು. 'ಹಿಂದಿನ ವಾಹನ ದೂರವಾಗುತ್ತಿದೆ, ನಿಧಾನಿಸಿ.' ಆರನೆಯ ಗುಡಿ, ಏಳನೆಯ ಗುಡಿ. ಮಾವ ಎಲ್ಲಿದ್ದರೂ ನಮಸ್ಕಾರ ಮೂವರದ್ದೂ. ಪಿತ್ತ ನೆತ್ತಿಗೇರಿತು. ನಾನೇ ಕೂತು ಬೆಸುಗೆ ಹಾಕಿದ ಡಬ್ಬಿಯನ್ನು ನಾನೇ ಆಫ್ ಮಾಡಿ, ಇಬ್ಬರನ್ನೂ ಬಿಟ್ಟು ಹಾರಿದೆ. ಆಹಾ, ಆ ಖುಷಿ! ಹರಾಜಿಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಗೇಟಿನಲ್ಲಿದ್ದೆ.

"ಪಾಸ್‌ಬುಕ್ ಕೊಡಿ" ಎಂದರು ಗೇಟಿನವರು. ರೈತರ ಪಾಸ್‌ಬುಕ್ ಇಲ್ಲದೆ ಒಳಗೆ ಬಿಡುವುದಿಲ್ಲ. ಅದು ಮಾವನ ಜೇಬಿನಲ್ಲಿತ್ತು. ಅವರು ಫೋನ್ ಇಟ್ಟುಕೊಳ್ಳುವುದಿಲ್ಲ. ನಾಗೇಶನಿಗೆ ಮಾಡಿದರೆ ನನ್ನ ಪಕ್ಕದ ಸೀಟೇ ಹಾಡತೊಡಗಿತು. ಚಾರ್ಜಿಗೆಂದು ನನ್ನ ಆಟೊದಲ್ಲೇ ಬಿಟ್ಟಿದ್ದ. ಅತ್ತೆಯ ನಿದ್ದೆಗೆಟ್ಟ ಕೆಂಪು ಕಣ್ಣು ನೆನಪಾಗಿ ರಸ್ತೆಗೆ ಓಡಿದೆ.

ನಮ್ಮ ಕಡೆ ಎದುರುಬದುರಾದ ಗಾಡಿಯವರು ರಸ್ತೆ ಮಧ್ಯೆ ಕಿಟಕಿಗೆ ಕಿಟಕಿ ಸೇರಿಸಿ ನಿಂತು ಕಷ್ಟಸುಖ ಮಾತಾಡುತ್ತಾರೆ. ಹಾರನ್ ಒತ್ತಿ ಒತ್ತಿ ನಾನು ಅವರನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಕೈಲಾಂಚದ ಕಡೆ ಹೊರಟ ಬೂಸಾ ಟೆಂಪೊವನ್ನು ಕೈ ಅಡ್ಡ ಹಾಕಿ ನಿಲ್ಲಿಸಿದೆ. "ಅಣ್ಣ, ನಮ್ಮ ಮಾವ ಗೂಡಿನ ಆಟೊದಲ್ಲಿ ಬರ್ತಿದ್ದಾರೆ. ಪಾಸ್‌ಬುಕ್ ಬೇಗ ಬೇಕು ಅಂತ ಹೇಳಿ."

"ಗುಡಿ ಹತ್ರ ನಿಲ್ಸೋ ಗೌಡ್ರು ತಾನೆ? ನಾನು ಸಿಕ್ಕೋರ್ಗೆಲ್ಲ ಹೇಳ್ತೀನಿ ಬುಡಿ" ಎಂದು ಹೊರಟ.

ಹತ್ತೇ ನಿಮಿಷ. ಎರಡೂ ಆಟೊ ಧೂಳೆಬ್ಬಿಸಿಕೊಂಡು ಬಂದವು. "ನಾಕ್ ಗಾಡಿಯೋರು ನಿಲ್ಸಿ ಹೇಳುದ್ರು ಕಣಪ್ಪ" ಎಂದರು ಮಾವ, ಏದುಸಿರಿನಲ್ಲಿ. "ಮಿಕ್ಕಿದ್ ದೇವ್ರುಗೊಳ್ಗೆ ವಾಪಸ್ ಬರೋವಾಗ ಒಸಿ ನಿಲ್ತೀನಿ ಅಂದ್ಬುಟ್ಟು ಬಂದೆ."

ಗೂಡು ಒಳ್ಳೆಯ ರೇಟಿಗೇ ಹೋಯಿತು. ಉಸಿರು ಬಿಟ್ಟು ಟೀ ಅಂಗಡಿಯ ಮುಂದೆ ನಿಂತಿದ್ದಾಗ ಕೈಲಾಂಚದಿಂದ ನನ್ನ ಹೆಂಡತಿಯ ಫೋನ್ ಬಂತು. "ಏನ್ರೀ, ನಮ್ಮಪ್ಪನ್ನ ಬಿಟ್ಟು ಓಡೋದ್ರಂತೆ? ಪಾಸ್‌ಬುಕ್ ಇಲ್ದೆ ಗೇಟಲ್ಲಿ ಕೈಕಟ್ಕೊಂಡು ನಿಂತಿದ್ರಂತೆ? ಬೂಸಾ ಟೆಂಪೊ ಅಣ್ಣ ಹೇಳ್ತು. ಅಂಗಿ ಗುಂಡೀನೂ ಮೇಲೆ ಕೆಳಗೆ ಹಾಕಿದ್ರಂತಲ್ಲ."

ಬಗ್ಗಿ ನೋಡಿಕೊಂಡೆ. ಹೌದು, ಮೇಲೆ ಕೆಳಗೇ ಆಗಿತ್ತು. ಅತ್ತಿತ್ತ ನೋಡಿ, ಕೈಲಾಂಚದ ಕಡೆಗೆ ಯಾವ ಗಾಡಿಯೂ ಹೊರಟಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಗುಂಡಿ ಬಿಚ್ಚಿದೆ.